ತಮ್ಮ ತಂದ ಅರ್ಜಿ

ಮಾರ್ಚ್ ೧೪, ಗುರುವಾರ

ತಮ್ಮನಿಗೆ ಸಹಿ ಹಾಕಿಕೊಡಲಿಲ್ಲ. ಅದೇ ಮನಸ್ಸಿನಲ್ಲಿ ಕೊರೆಯುತ್ತಿದೆ.

ಅವನು ಡ್ರಗ್ಸ್ ಬಿಟ್ಟು ಆರು ವಾರವಾಯಿತು. ಬೆಳಿಗ್ಗೆ ಸರ್ಕಾರಿ ಭತ್ಯೆಯ ಅರ್ಜಿ ಹಿಡಿದು ನನ್ನ ಮರಗೆಲಸದ ಅಂಗಡಿಗೆ ಬಂದ. ಇವನು ದುಡಿಯಲು ಶಕ್ತನಲ್ಲ ಎಂದು ಮನೆಯವರೊಬ್ಬರು ಬರೆದುಕೊಡಬೇಕಂತೆ.

“ಸುಳ್ಳು ಬರೆಯಲ್ಲ ಕಣೋ. ದೇವರು ಕೊಟ್ಟ ಕೈ ಇನ್ನೂ ಇದೆ ನಿಂಗೆ,” ಎಂದೆ.

“ಈ ಕೈ ನೋಡಣ್ಣ,” ಎಂದು ಚಾಚಿದ. ಗಡಗಡ ನಡುಗುತ್ತಿತ್ತು.

ಆದರೂ ಕುರ್ಚಿ ಉಜ್ಜಲು ಉಪ್ಪುಕಾಗದ ಕೊಟ್ಟೆ. ಭತ್ಯೆ ಮನುಷ್ಯನನ್ನು ಕುಗ್ಗಿಸುತ್ತದೆ, ದುಡಿಮೆ ಎತ್ತಿ ನಿಲ್ಲಿಸುತ್ತದೆ ಎಂದು ಚರ್ಚಿನಲ್ಲಿ ಗಟ್ಟಿಯಾಗಿ ಹೇಳುವವನು ನಾನೇ. ಈಗಲೂ ಅದನ್ನೇ ನಂಬುತ್ತೇನೆ. ಬೆವರು ಸುರಿಸುತ್ತಾ ಸಂಜೆಯ ಹೊತ್ತಿಗೆ ಒಂದು ಕುರ್ಚಿ ಮುಗಿಸಿದ. “ನುಣ್ಣಗಾಯ್ತಲ್ಲಣ್ಣ!” ಎಂದು ನಕ್ಕ. ಆ ನಗು ನೋಡಿ ಎಷ್ಟು ವರ್ಷವಾಗಿತ್ತು!

ಹೆಮ್ಮೆಯಿಂದ ಮನೆಗೆ ಬಂದು ಹೇಳಿದರೆ ಹೆಂಡತಿ, “ಕೆಲಸ ಕೊಟ್ರಿ, ಸರಿ. ಊಟಕ್ಕೆ ಕರೆದ್ರಾ?” ಎಂದಳು.

ಕರೆದಿರಲಿಲ್ಲ. ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದಾಗ ಅವನು ನಲ್ಲಿಯಲ್ಲಿ ನೀರು ಕುಡಿದು ಬಂದು ಮತ್ತೆ ಉಜ್ಜತೊಡಗಿದ್ದ. ಸರ್ಕಾರದ ಹಂಗೇಕೆ, ಮನೆಯವರಿಲ್ಲವೇ ಎಂದು ಊರಿಗೆಲ್ಲ ಹೇಳುವ ನಾನು ಈ ಆರು ವಾರದಲ್ಲಿ ಒಂದು ತುತ್ತು ಕೊಟ್ಟಿಲ್ಲ.

ಸಹಿಯಂತೂ ಹಾಕುವುದಿಲ್ಲ. ಬುತ್ತಿ ಎರಡು ಕಟ್ಟು ಎಂದಿದ್ದೇನೆ. ಬೆಳಗಾದ ಕೂಡಲೇ ಅವನ ಬಾಡಿಗೆ ಕೋಣೆಗೆ ನಾನೇ ಹೋಗುತ್ತೇನೆ. ಅಲ್ಲಿಯವರೆಗೆ, ಕರ್ತನೇ, ಅವನು ಹಸಿದ ಹೊಟ್ಟೆಯಲ್ಲಿ, ನನ್ನ ಮೇಲಿನ ಸಿಟ್ಟಿನಲ್ಲಿ, ಮತ್ತೆ ಆ ಡ್ರಗ್ಸ್ ಗೆಳೆಯರ ಬಾಗಿಲಿಗೆ ಹೋಗದಂತೆ ಕಾಪಾಡು.