ಕಡ ಕೊಟ್ಟ ಬೆಟ್ಟ

ಅಕ್ಕನ ಮಗಳು ಮೆರೆಯಾನಾಗೆ, ದೇಶದ ದಕ್ಷಿಣ ತುದಿಯ ಇನ್ವರ್ಕಾರ್ಗಿಲ್ಲಿನ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ಮಾವ ಬರೆಯುವುದು.

ನಾವು ಮಾವೊರಿಗಳೂ ಬಿಳಿಯರೂ ಎದುರುಬದುರು ಕೂತು ಮಾತಾಡುವ ಸಭೆಯಲ್ಲಿ ಇಂದು ನಿನ್ನ ಮಾವನದೇ ದರ್ಬಾರು! ನಮ್ಮ ಪದ್ಧತಿಯಂತೆ ಮೊದಲು ಅವರವರ ಬೆಟ್ಟದ ಹೆಸರು, ಆಮೇಲೆ ಅವರವರ ಹೆಸರು. ನಾನು ಹೊಗಳಿದ ಹೊಗಳಿಕೆಗೆ ನಮ್ಮ ಬೆಟ್ಟ ನಾಲ್ಕು ಮೊಳ ಬೆಳೆದಿರಬೇಕು, ನೋಡು. ನನ್ನ ನಂತರ ಎದ್ದ ಲಾಕ್ಲನ್ ಎಂಬ ಬಿಳಿಯ ಕುರಿ ಸಾಕಣೆಗಾರ ಮಾತ್ರ ಬೆವರಿದ.

"ನಮ್ಮನೆ ಹಿಂದಿನ ಗುಡ್ಡ ನಮ್ಮ ಮುತ್ತಾತ ನಿಮ್ಮವರಿಂದ ಕಿತ್ಕೊಂಡಿದ್ದು. ನನ್ನದು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಇವತ್ತಿಗೆ ನಮ್ಮದನ್ನ ಇಟ್ಕೊಳ್ಳಪ್ಪ, ಸಂಜೆ ವಾಪಸ್ ಕೊಡು!" ಎಂದೆ. ಸಭೆಯೆಲ್ಲ ನಕ್ಕಿತು.

ಆ ಗುಡ್ಡವನ್ನು ಕಳೆದುಕೊಂಡ ಮನೆತನದ ಹಿನೆವಾಯಿ ಅಜ್ಜಿ ಎದ್ದಳು. "ಏಯ್ ಬಡಾಯಿಕೋರ, ಬೆಟ್ಟ ಏನು ನಿನ್ನ ಟೋಪಿನಾ, ಕಂಡೋರ ತಲೆ ಮೇಲೆ ಇಡೋಕೆ?" ಎಂದು ನನ್ನನ್ನು ಗದರಿ, ಅವನತ್ತ ತಿರುಗಿದಳು. "ನನ್ನದು ಅನ್ಬೇಡ ಮಗಾ. ಅದರ ಬುಡದಲ್ಲಿ ಬಾಳ್ತಿದೀನಿ ಅನ್ನು, ಸಾಕು." ಗುಡ್ಡದ ಹಳೆಯ ಹೆಸರನ್ನೂ ಹೇಳಿಕೊಟ್ಟಳು. ಅರವತ್ತು ವರ್ಷ ಅಲ್ಲೇ ಇದ್ದವನು ಅದನ್ನು ಕೇಳಿದ್ದು ಇದೇ ಮೊದಲು! ತೊದಲುತ್ತ ಮೂರು ಸಲ ಹೇಳಿ, "ಅಜ್ಜೀ, ನೀವು ಯಾವತ್ತಾದ್ರೂ ಅದನ್ನ ಹತ್ತಿದೀರಾ?" ಎಂದ.

"ಬೇಲಿ ನಿಂದಲ್ವೇನೋ?" ಎಂದಳು.

ನನ್ನ ಮಂಡಿನೋವು ಇಳಿದಿದೆಯೆಂದು ಅಕ್ಕನಿಗೆ ಹೇಳು. ಇಳಿಯದಿದ್ದರೂ ನಾಳೆಯ ಗುಡ್ಡವನ್ನು ನಾನು ಬಿಡುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಲಾಕ್ಲನ್ ಗೇಟು ತೆಗೆಯುತ್ತಾನೆ. ತೊಂಬತ್ತರ ಅಜ್ಜಿಯ ಒಂದು ರಟ್ಟೆ ಅವನು, ಇನ್ನೊಂದು ನಾನು ಹಿಡಿದು ಗುಡ್ಡ ಹತ್ತಿಸುತ್ತೇವೆ.

ಪಾವೊರಾ ಮಾವ