ಮೂರನೇ ಪ್ರೀಆಂಪನ್ನೂ ವಾಪಸ್ ಕಳಿಸೋ ಮುಂಚೆ

ರೀ,

ಅಂಗಡಿಯವರು ಮಧ್ಯಾಹ್ನ ಬರ್ತಾರಂತೆ. ಸ್ಪೀಕರ್‌ಗೆ ಹಾಡು ಕಳಿಸೋ ಈ ಮೂರನೇ ಪ್ರೀಆಂಪ್ ಡಬ್ಬಾನೂ ವಾಪಸ್ ಕೊಟ್ಟು ಕಳಿಸಬೇಡಿ.

ಮೊದಲನೆಯದು ತಂದಾಗ ಎಡಗಡೆ ಸ್ಪೀಕರ್ ಮಂಕು ಅಂದ್ರಿ. ಎರಡನೆಯದಕ್ಕೂ ಅದೇ ರಾಗ. ಇದು ಬಂದ ಮೇಲಂತೂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸೋಫಾ ಎಳೆದಾಡಿ ನೆಲವೆಲ್ಲ ಗೀರು.

ನಿನ್ನೆ ನೀವು ಸ್ನಾನಕ್ಕೆ ಹೋದಾಗ, ತಲೆ ಕೆಟ್ಟು, ಅದರ ಹಿಂದಿಂದ ಸ್ಪೀಕರ್ ಕಡೆ ಹೋಗೋ ವೈರುಗಳನ್ನ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಟ್ಟೆ. ದೋಷ ಡಬ್ಬದ್ದಾಗಿದ್ರೆ ಮಂಕು ಬಲಗಡೆಗೆ ಹೋಗಬೇಕಿತ್ತು. ನೀವು ಬಂದು ಕೂತು ಮತ್ತೆ ಎಡಗಡೆನೇ ಅಂದ್ರಿ. ಆಮೇಲೆ ನಿಮ್ಮ ಜಾಗದಲ್ಲೇ ನಾನೂ ಕೂತು ಕೇಳಿದೆ. ಎರಡೂ ಕಡೆ ಸಮ ಇದೆ.

ಸಂಜೆ ಐದಕ್ಕೆ ಕಿವಿ ಡಾಕ್ಟರ ಹತ್ರ ಹೇಳಿಟ್ಟಿದ್ದೀನಿ. ನೆಪ ಹೇಳಬೇಡಿ. ಆಫೀಸಿಂದ ನಾನು ನೇರ ಅಲ್ಲಿಗೇ ಬರ್ತೀನಿ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ.

ಹೊರಟವಳು ಇದೊಂದು ಬರೆಯೋಕೆ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದೆ. ಊಟಕ್ಕೆ ಕೂತಾಗ ನಾನು ಯಾವಾಗಲೂ ನಿಮ್ಮ ಎಡಗಡೆ. ಎಷ್ಟು ಮಾತಾಡಿಸಿದ್ರೂ ಸುಮ್ಮನೆ ತಟ್ಟೆ ನೋಡ್ತಿರ್ತೀರಿ. ಇಷ್ಟು ದಿನ ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ.

ರಾತ್ರಿ ಬಲಗಡೆ ಕೂರ್ತೀನಿ.