ಮಾಲಿನ ಕುಂದು ಕೂಗಿ ಹೇಳಿದವನ ಅಂಗಡಿ ಎತ್ತಿಸುವ ಸಾಹೇಬರಿಗೆ

ಹಳೆ ಸಾಮಾನಿನ ಸಂತೆಯ ಉಸ್ತುವಾರಿ ಹೊತ್ತ ಮಾನ್ಯರೇ,

ಖರೇ ಮಾತು ಹೇಳಿದ ಅಪರಾಧಕ್ಕೆ ಒಬ್ಬ ವ್ಯಾಪಾರಿಯ ಅಂಗಡಿ ಎತ್ತಿಸಲು ನೋಟೀಸು ಹೊರಡಿಸಿದ್ದೀರಿ. ಭಲೆ! ರಂಗದ ಮೇಲೆ ಆಯುಷ್ಯವಿಡೀ ಖಳನಾಯಕನಾಗಿ ಮೆರೆದವನು ನಾನು. ಎಷ್ಟು ನಿರಪರಾಧಿಗಳನ್ನು ಸೆರೆಗೆ ನೂಕಿದ್ದೇನೋ ಲೆಕ್ಕವಿಲ್ಲ. ಆದರೆ ಇಂಥ ಆರೋಪ ನನ್ನ ಯಾವ ದುಷ್ಟ ಮಂತ್ರಿಗೂ ಹೊಳೆದಿರಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೇನೆ, ಸ್ವೀಕರಿಸಬೇಕು.

ಆರೋಪಿಯ ಹೆಸರು ಇಸಾಕಸಾಬ. ರಾಣೇಬೆನ್ನೂರಿನಿಂದ ಹಲಗೇರಿಗೆ ಹೋಗುವ ದಾರಿಯ ಬದಿ ಕೂಡುವ ನಿಮ್ಮ ಸಂತೆಯಲ್ಲಿ ಹಳೆಯ ಫ್ಯಾನು, ಗಡಿಯಾರ, ಹೊಲಿಗೆ ಯಂತ್ರ ಮಾರುವವನು. ಗುತ್ತಲದ ನಾಟಕಕ್ಕೆಂದು ನಾನು ಅವನಲ್ಲಿ ಹಾರ್ಮೋನಿಯಂ ಪೇಟಿ ಕೊಳ್ಳಲು ಹೋಗಿದ್ದೆ. ನಾನದನ್ನು ಮುಟ್ಟುವ ಮೊದಲೇ ಇಡೀ ಸಂತೆಗೆ ಕೇಳುವಂತೆ ಕೂಗಿದ: “ಮಾಸ್ತರ, ತಿದಿ ಗಾಳಿ ಸೋರ್ತೈತ್ರೀ! ಮ್ಯಾಲಿನ ಒಂದು ಸ್ವರ ನಮ್ಮ ಮಾವನಂಗ ಕೆಮ್ಮತೈತಿ. ಆಮ್ಯಾಲ ಬಂದು ನನ್ನ ಮುಂದ ಡೈಲಾಗ್ ಹೊಡೀಬ್ಯಾಡ್ರಿ!”

“ಕೆಮ್ಮಲಿ ಬಿಡೋ, ನಮ್ಮ ಹಾಡೋ ಹುಡುಗನೂ ಕೆಮ್ಮತಾನ,” ಎಂದು ಪೇಟಿ ಹೆಗಲಿಗೇರಿಸಿದೆ. ಇಸಾಕಸಾಬ ಅಂಗಿ ಜಗ್ಗಿ ಕೂಡ್ರಿಸಿದ.

“ಚಹಾ ಕುಡೀರಿ ಮೊದಲ. ಇಬ್ರೂ ಇಲ್ಲೇ ಕುಂತೇವಂದ್ರ ಯಾಪಾರ ಇನ್ನೂ ಮುಗಿದಿಲ್ಲ. ಏಳೂತನಕ ನೀವೂ ಬ್ಯಾಡ ಅನಬೌದು, ನಾನೂ ಬ್ಯಾಡ ಅನಬೌದು.”

ಇದೇ ಮನುಷ್ಯ, ಬ್ಯಾಡಗಿಯ ಗುಡ್ಡವ್ವ ಕೊಂಡೊಯ್ದ ಹೊಲಿಗೆ ಯಂತ್ರವನ್ನು ಮರಳಿ ತಂದಾಗ, ತನ್ನ ಕಣ್ಣಿಗೂ ಬೀಳದಿದ್ದ ಹಳೆಯ ಬಿರುಕು ನೋಡಿ ಅದನ್ನು ವಾಪಸ್ ಇಟ್ಟುಕೊಂಡು ಹಣ ಮರಳಿಸಿದ. ಅನಾಹುತ ಶುರುವಾದದ್ದು ಅಲ್ಲಿಂದಲೇ. ಗುಡ್ಡವ್ವ ಪಕ್ಕದ ಅಂಗಡಿಯ ಮನೋಹರನನ್ನೂ ಕೇಳಿದಳು: “ನಿನ್ನ ಮಿಕ್ಸರಿಗೆ ಏನ್ ರೋಗ ಐತಿ, ಬಾಯಿ ಬಿಟ್ಟು ಹೇಳಪಾ!” ಆಮೇಲೆ ಎಲ್ಲ ಗಿರಾಕಿಗಳೂ ಅದನ್ನೇ ಕೇಳತೊಡಗಿದರು. ಮನೋಹರ ನಿಮ್ಮ ಬಳಿ ಓಡಿದ. ನಿಮ್ಮ ನೋಟೀಸು ಬಂತು: ‘ಮಾಲಿನ ದೋಷ ಬಹಿರಂಗಪಡಿಸಿ ವಹಿವಾಟಿಗೆ ಧಕ್ಕೆ, ಮಾರಿದ ಮಾಲು ಮರಳಿ ಪಡೆದು ಶಿಸ್ತುಭಂಗ.’ ಮುಂದಿನ ಸಂತೆಯಷ್ಟರಲ್ಲಿ ಜಾಗ ಖಾಲಿ ಮಾಡಬೇಕಂತೆ.

ವಿಚಾರಣೆಗೆ ನಾನು ಸಾಕ್ಷಿಯಾಗಿ ಬಂದಿದ್ದೆ. ಕುಂದು ಹೇಳಿ ಮಾರುವುದು ತನ್ನ ಧರ್ಮದ ನ್ಯಾಯ ಎಂದ ಇಸಾಕಸಾಬನಿಗೆ ನೀವು ಮೇಜು ಗುದ್ದಿ ಗುಡುಗಿದಿರಿ: “ನಿನ್ನ ಶರಿಯತ್ತು ಮನ್ಯಾಗ ಇಟ್ಕೋ! ಇಲ್ಲಿ ಕಾಯ್ದೆ ಐತಿ. ನೋಡಿ ತೊಗೊಳ್ಳೋದು ಕೊಳ್ಳಾವನ ಜವಾಬ್ದಾರಿ!”

ಯಾವ ಕಾಯ್ದೆ, ಮಾನ್ಯರೇ? ಹಾವೇರಿಯಲ್ಲಿ ವಕೀಲಿ ಮಾಡುವ ಗೆಳೆಯ ಸರ್ಫರಾಜನನ್ನು ಕೇಳಿದೆ. ಇಸ್ಲಾಮಿನ ವ್ಯಾಪಾರ ನ್ಯಾಯದಲ್ಲಿ ಗೊತ್ತಿದ್ದ ಕುಂದನ್ನು ಮುಚ್ಚಿಟ್ಟು ಮಾರುವುದೇ ಪಾಪ. ಹಳೆಯ ದೋಷ ಆಮೇಲೆ ಕಂಡರೆ ಕೊಂಡವನು ಮರಳಿಸಬಹುದು. ಸಂತೆಯಲ್ಲಿ ಧಾನ್ಯದ ರಾಶಿಗೆ ಪ್ರವಾದಿಗಳು ಕೈ ಹಾಕಿದಾಗ ಒಳಗೆ ತೇವ ಹತ್ತಿತಂತೆ. ಒದ್ದೆಯಾದದ್ದನ್ನು ಜನಕ್ಕೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿದರಂತೆ. ಎದ್ದು ಅಗಲುವ ತನಕ ವ್ಯಾಪಾರ ಮುರಿಯಬಹುದೆಂಬ ಮಾತನ್ನು ಮಾತ್ರ ಎಲ್ಲ ಪಂಥಗಳೂ ಒಪ್ಪುವುದಿಲ್ಲ. “ನಮ್ಮ ಹನಫಿ ಮಂದಿ ಮಾತು ಮುಗೀತಂದ್ರ ಮುಗೀತು ಅಂತಾರ. ಆ ಚಹಾ ಇಸಾಕಸಾಬನ ಸ್ವಂತ ದೊಡ್ಡಸ್ತಿಕೆ,” ಎಂದು ಸರ್ಫರಾಜ ನಕ್ಕ.

ಕೊಳ್ಳುವವನೇ ಎಚ್ಚರದಿಂದಿರಲಿ ಎಂದದ್ದು ಇಂಗ್ಲಿಷರ ಹಳೆಯ ನ್ಯಾಯ. ಆದರೆ ಅವರೂ ಅದಕ್ಕೆ ಒಂದೊಂದೇ ಅಪವಾದ ಸೇರಿಸುತ್ತ ಬಂದರು. ಮಾರುವವನ ಜಾಣ್ಮೆ ನಂಬಿ ಕೊಂಡವನಿಗೆ ಕೆಲಸಕ್ಕೆ ಬಾರದ್ದನ್ನು ಕೊಡುವಂತಿಲ್ಲ, ಮೋಸಕ್ಕಂತೂ ಮಾಫಿಯಿಲ್ಲ. ನಮ್ಮ ಸರಕು ಮಾರಾಟದ ಕಾಯ್ದೆಗೂ ಅದೇ ಬಂತು, ಮೇಲೆ ಗ್ರಾಹಕರ ಕಾಯ್ದೆ ಬೇರೆ. ಒಂದು ನ್ಯಾಯ ಮಾರುವವನ ಬಾಯಿಂದ ಶುರುವಾಯಿತು, ಇನ್ನೊಂದು ಕೊಳ್ಳುವವನ ಕಣ್ಣಿಂದ. ಕಡೆಗೆ ಎರಡೂ ಹತ್ತಿರ ಹತ್ತಿರ ಬಂದು ನಿಂತಿವೆ. ತಾವೆಲ್ಲಿ ನಿಂತಿದ್ದೀರಿ? ಶರಿಯತ್ತು ತಮಗೆ ಬೇಡ, ಇಂಗ್ಲಿಷರದ್ದನ್ನು ಪೂರ್ತಿ ಓದಿಲ್ಲ. ಮೊದಲ ಸಾಲು ಬಾಯಿಪಾಠ ಮಾಡಿ, ಮೀಸೆ ಅಂಟಿಸಿಕೊಂಡು ರಂಗಕ್ಕೆ ನುಗ್ಗಿದ ನಟ ತಾವು!

ವಿಚಾರಣೆಯ ದಿನದ ಕೊನೆಯ ದೃಶ್ಯವನ್ನು ಈ ಬಹಿರಂಗ ಪತ್ರದ ಓದುಗರಿಗೆ ಹೇಳಲೇಬೇಕು. ನಿಮ್ಮ ಮೇಜಿನ ಮೇಲಿನ ಫ್ಯಾನು ಕರಕರ ಎಂದು ನಿಂತುಹೋಯಿತು. ಹೋದ ಸಂತೆಯಲ್ಲಿ ಮನೋಹರನಿಂದ ಕೊಂಡದ್ದು. ದೂರು ಕೊಟ್ಟು ಅಲ್ಲೇ ನಿಂತಿದ್ದ ಅವನತ್ತ ನೀವು ತಿರುಗಿದಿರಿ:

“ಏ ಮನೋಹರ! ಕೆಟ್ಟೈತಿ ಅಂತ ಗೊತ್ತಿದ್ದೂ ಕೊಟ್ಟೀಯೇನಲೇ? ತೊಗೊಂಡ್ ಹೋಗಿದನ್ನ!”

“ಸಾಹೇಬ್ರ, ನೀವ ಕಣ್ಣಾರೆ ನೋಡಿ ತೊಗೊಂಡೀರಲ್ರೀ…”

ಇಸಾಕಸಾಬ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ನಗು ತಡೆಯಲಾಗಲಿಲ್ಲ. “ಇದ ನೋಡ್ರಿ ಸಾಹೇಬ್ರ, ನೀವು ಮನ್ಯಾಗ ಇಟ್ಕೋ ಅಂದಿದ್ದು!”

ಫ್ಯಾನು ವಾಪಸ್ ಹೋಯಿತು. ನೋಟೀಸು ಮಾತ್ರ ಹೋಗಲಿಲ್ಲ. ತಮ್ಮ ಗಾಳಿಗೊಂದು ನ್ಯಾಯ, ಇಸಾಕಸಾಬನ ಅನ್ನಕ್ಕೊಂದು ನ್ಯಾಯವೇ?

ಮುಂದಿನ ಸಂತೆ ಕೂಡುವ ಮುನ್ನ ಆ ನೋಟೀಸು ಹಿಂದಕ್ಕೆ ಪಡೆಯಿರಿ. ನಿಮ್ಮ ಕಚೇರಿಯ ಕಟ್ಟೆಯ ಮೇಲೆ ಇಸಾಕಸಾಬನ ಪಕ್ಕದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ನೀವಿದ್ದೀರಿ, ಹೊರಗೆ ನಾವಿದ್ದೇವೆ; ಚಹಾ ಈಗಷ್ಟೇ ಬಂದಿದೆ. ಇನ್ನೂ ಯಾರೂ ಎದ್ದಿಲ್ಲ, ಮಾನ್ಯರೇ. ಆ ನೋಟೀಸು ಬೇಡ ಅನ್ನಲು ತಮಗಿನ್ನೂ ಅವಕಾಶವಿದೆ.

ಇಂತಿ,
ಸೋರುವ ಪೇಟಿಯನ್ನು ತಿಳಿದೇ ಕೊಂಡ, ತಮ್ಮನ್ನು ಮಾತ್ರ ತಿಳಿಯದೆ ನಂಬಿದ್ದ
ಅಗಡಿಯ ನಾಟಕದ ಮಾಸ್ತರ ಭರಮಣ್ಣ